ಬಾಯ್ಲರಿನ ನೀರುಮಟ್ಟದ ಗಾಜು: ಶುಚಿಗೊಳಿಸುವ ಹಾಗೂ ಬದಲಿಸುವ ಕ್ರಮ

ಗಂಗಾವತಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಿರಲಿ, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಿರಲಿ, ಬಳ್ಳಾರಿಯ ಜೀನ್ಸ್ ಬಟ್ಟೆ ತೊಳೆಯುವ ಘಟಕಗಳಿರಲಿ, ಹಬೆಯನ್ನು ಅವಲಂಬಿಸಿದ ಸಣ್ಣ ಕೈಗಾರಿಕೆಗಳು ನಮ್ಮ ರಾಜ್ಯದಲ್ಲಿ ಹೇರಳವಾಗಿವೆ. ಇಂತಹ ಘಟಕಗಳ ಮಾಲೀಕರು ಬಾಯ್ಲರಿನ ಬೆಲೆ, ಇಂಧನದ ಖರ್ಚು ಹಾಗೂ ಹಬೆಯ ಪ್ರಮಾಣಗಳ ಬಗ್ಗೆ ಆಳವಾಗಿ ಚಿಂತಿಸುತ್ತಾರೆ. ಆದರೆ ಬಾಯ್ಲರಿನ ಮುಂಭಾಗದಲ್ಲಿ ನಿಂತಿರುವ, ಅಲ್ಪ ಬೆಲೆಯ ಒಂದು ಗಾಜಿನ ಕೊಳವೆಯತ್ತ ಗಮನ ಹರಿಯುವುದು ಕಡಿಮೆ. ಒಳಗೆ ನೀರು ಎಷ್ಟಿದೆ ಎಂಬುದನ್ನು ಕಣ್ಣಾರೆ ತೋರಿಸುವ ಸಾಧನ ಅದೇ ಆಗಿದೆ.

ಕಲ್ಲಿದ್ದಲು, ಸೌದೆ ಅಥವಾ ಭತ್ತದ ಹೊಟ್ಟು ಉರಿಸುವ ಬಾಯ್ಲರುಗಳಲ್ಲಿ ಈ ಗಾಜಿನ ಮಹತ್ವ ಇನ್ನೂ ಹೆಚ್ಚು. ಎಣ್ಣೆ ಅಥವಾ ಅನಿಲದ ಬಾಯ್ಲರಿನಲ್ಲಿ ನೀರು ಕಡಿಮೆಯಾದರೆ ಬರ್ನರನ್ನು ತಕ್ಷಣ ನಿಲ್ಲಿಸಬಹುದು. ಘನ ಇಂಧನದ ಒಲೆಯಲ್ಲಿ ಗಾಳಿಯ ಫ್ಯಾನನ್ನು ನಿಲ್ಲಿಸಿದರೂ ಜಾಲರಿಯ ಮೇಲಿನ ಕೆಂಡ ಬಹಳ ಹೊತ್ತು ಶಾಖ ಕೊಡುತ್ತಲೇ ಇರುತ್ತದೆ. ನೀರಿನ ಹೊದಿಕೆ ತಪ್ಪಿದ ಕೊಳವೆ ಮತ್ತು ತಗಡುಗಳು ಕಾದು ಮೆತ್ತಗಾಗಿ ಒಳಗಿನ ಒತ್ತಡಕ್ಕೆ ಬಾಗುತ್ತವೆ, ಕೊನೆಗೆ ಹರಿಯುತ್ತವೆ. ಆದುದರಿಂದ ನೀರು ಕಡಿಮೆಯಾಗುತ್ತಿರುವುದು ಮುಂಚಿತವಾಗಿ ತಿಳಿಯಲೇಬೇಕು.

ಗಾಜು ಸುಳ್ಳು ಹೇಳುವುದು ಹೇಗೆ?

ಗಾಜಿನ ಕೊಳವೆಯ ಮೇಲ್ತುದಿ ಹಬೆಯ ಕಾಕಿಗೂ ಕೆಳತುದಿ ನೀರಿನ ಕಾಕಿಗೂ ಸೇರಿರುತ್ತದೆ. ಅಡಿಯಲ್ಲಿ ಒಂದು ಡ್ರೇನ್ ಕಾಕ್ ಇರುತ್ತದೆ. ಎರಡೂ ದಾರಿಗಳು ತೆರವಾಗಿದ್ದರೆ ಮಾತ್ರ ಗಾಜಿನಲ್ಲಿ ಕಾಣುವ ಮಟ್ಟವು ಬಾಯ್ಲರಿನ ಮಟ್ಟವನ್ನು ತೋರಿಸುತ್ತದೆ.

ಹಬೆಯ ದಾರಿ ಕಟ್ಟಿಕೊಂಡರೆ ಗಾಜಿನ ಮೇಲ್ಭಾಗದ ಹಬೆ ತಣಿದು ನೀರಾಗಿ ಅಲ್ಲಿನ ಒತ್ತಡ ಕುಗ್ಗುತ್ತದೆ. ಕೆಳಗಿನ ನೀರು ಮೇಲೇರಿ ನಿಜಕ್ಕಿಂತ ಹೆಚ್ಚಿನ ಮಟ್ಟ ಕಾಣುತ್ತದೆ. ನೀರಿನ ದಾರಿ ಕೆಸರು ಅಥವಾ ಗಾರೆಯಿಂದ ಮುಚ್ಚಿದರೆ, ಬಾಯ್ಲರಿನ ನೀರು ಇಳಿದರೂ ಗಾಜಿನ ನೀರು ಇಳಿಯುವುದಿಲ್ಲ. ಹಬೆ ತಣಿದು ಸೇರುವ ಹನಿಗಳಿಂದ ಅದು ಮೆಲ್ಲನೆ ಏರುತ್ತಲೂ ಹೋಗುತ್ತದೆ. ಅಂದರೆ ಎರಡು ದೋಷಗಳಲ್ಲಿ ಯಾವುದು ಸಂಭವಿಸಿದರೂ ಗಾಜು 'ನೀರು ಸಾಕಷ್ಟಿದೆ' ಎಂದೇ ಹೇಳುತ್ತದೆ. ಒಡೆದ ಗಾಜು ಸದ್ದು ಮಾಡಿ ಎಚ್ಚರಿಸುತ್ತದೆ, ಕಟ್ಟಿಕೊಂಡ ಗಾಜು ಮಾತ್ರ ನಂಬಿಸಿ ಮೋಸ ಮಾಡುತ್ತದೆ. ಬಾಯ್ಲರು ನಡೆಯುತ್ತಿರುವಾಗ ನೀರಿನ ಮಟ್ಟ ಸಣ್ಣಗೆ ಕುಣಿಯುತ್ತಿರಬೇಕು. ಅಲುಗಾಡದೆ ನಿಂತ ಮಟ್ಟವನ್ನು ಸಂದೇಹದಿಂದಲೇ ನೋಡತಕ್ಕದ್ದು.

ನಿತ್ಯದ ಶುಚಿ

ಗಾಜನ್ನು ಶುಚಿ ಮಾಡುವುದೆಂದರೆ ಹೊರಮೈ ಒರೆಸುವುದೆಂದು ಹಲವರು ಭಾವಿಸಿದ್ದಾರೆ. ನಿಜವಾದ ಶುಚಿ ಎಂದರೆ ಎರಡೂ ದಾರಿಗಳಿಗೆ ಹಬೆ ಮತ್ತು ನೀರನ್ನು ಹಾಯಿಸಿ ಕೆಸರು ತೆಗೆಯುವುದು. ಪ್ರತಿ ಪಾಳಿಯ ಆರಂಭದಲ್ಲಿ ಈ ಕ್ರಮವನ್ನು ಅನುಸರಿಸುವುದು ಉಚಿತ:

1. ಹಬೆಯ ಮತ್ತು ನೀರಿನ ಕಾಕುಗಳನ್ನು ಮುಚ್ಚಿ ಡ್ರೇನ್ ತೆರೆಯಿರಿ. ಗಾಜು ಖಾಲಿಯಾದ ಬಳಿಕ ಏನೂ ಹೊರಬರಬಾರದು. ಬಂದರೆ ಕಾಕ್ ಸೋರುತ್ತಿದೆ ಎಂದು ತಿಳಿಯಬೇಕು.
2. ನೀರಿನ ಕಾಕನ್ನು ತೆರೆಯಿರಿ. ನೀರು ರಭಸದಿಂದ ಬರಬೇಕು. ಬಳಿಕ ಮುಚ್ಚಿರಿ.
3. ಹಬೆಯ ಕಾಕನ್ನು ತೆರೆಯಿರಿ. ಹಬೆ ರಭಸದಿಂದ ಬರಬೇಕು. ಬಳಿಕ ಮುಚ್ಚಿರಿ.
4. ಡ್ರೇನ್ ಮುಚ್ಚಿ ನೀರಿನ ಕಾಕನ್ನು ಮಾತ್ರ ತೆರೆಯಿರಿ. ನೀರು ಗಾಜಿನ ತುದಿಯವರೆಗೆ ಏರಬೇಕು.
5. ಹಬೆಯ ಕಾಕನ್ನು ತೆರೆಯಿರಿ. ನೀರು ಕೂಡಲೇ ನಿಜವಾದ ಮಟ್ಟಕ್ಕೆ ಇಳಿದು ನಿಲ್ಲಬೇಕು.

ಕಾಕುಗಳನ್ನು ನಿಧಾನವಾಗಿ ತೆರೆಯಬೇಕು. ಗಾಜು ಒಡೆದಾಗ ದಾರಿ ಮುಚ್ಚಲೆಂದು ಅನೇಕ ಕಾಕುಗಳಲ್ಲಿ ಸಣ್ಣ ಗುಂಡು ಇರುತ್ತದೆ. ಥಟ್ಟನೆ ತೆರೆದರೆ ಅದೇ ಗುಂಡು ದಾರಿಗೆ ಅಡ್ಡ ಕುಳಿತು ತಪ್ಪು ಮಟ್ಟ ತೋರಿಸಬಹುದು. ನಿಲ್ಲುವಾಗ ಗಾಜಿಗೆ ಎದುರಾಗಿರದೆ ಪಕ್ಕಕ್ಕೆ ಸರಿದು ನಿಲ್ಲತಕ್ಕದ್ದು.

ನಾಲ್ಕನೆಯ ಹಂತದಲ್ಲೂ ನೀರು ಕಾಣದಿದ್ದರೆ, ಇನ್ನೊಂದು ಗಾಜೂ ಬರಿದಾಗಿದ್ದರೆ, ಗಾಬರಿಯಿಂದ ಪಂಪು ಚಾಲೂ ಮಾಡಲೇಬಾರದು. ಕೆಂಪಗೆ ಕಾದ ತಗಡಿನ ಮೇಲೆ ಬಿದ್ದ ನೀರು ಕ್ಷಣದಲ್ಲಿ ಹಬೆಯಾಗುತ್ತದೆ. ಸಾಧಾರಣ ವಾಯುಒತ್ತಡದಲ್ಲಿ 1 ಲೀಟರ್ ನೀರು 1,600 ಲೀಟರಿಗೂ ಮಿಕ್ಕಿದ ಹಬೆಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಇಂಧನ ಮತ್ತು ಗಾಳಿಯನ್ನು ನಿಲ್ಲಿಸಿ, ಕೆಂಡವನ್ನು ಕೆದಕದೆ ಒದ್ದೆ ಬೂದಿಯಿಂದ ಮುಚ್ಚಿ, ಜನರನ್ನು ದೂರ ಕಳುಹಿಸಿ, ಬಾಯ್ಲರು ತಾನಾಗಿ ತಣಿಯಲು ಬಿಡಬೇಕು. ತಜ್ಞರ ಪರೀಕ್ಷೆಯ ನಂತರವೇ ಮತ್ತೆ ಒಲೆ ಹೊತ್ತಿಸಬೇಕು.

ಹೊರಮೈಯನ್ನು ಗಾಜು ತಣಿದಿರುವಾಗ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬಹುದು. ಬಿಸಿ ಗಾಜಿಗೆ ಒದ್ದೆ ಬಟ್ಟೆ ತಾಗಿಸಿದರೆ ಅದು ಸಿಡಿಯಬಹುದು. ತಂತಿ ಹಾಕಿ ಒಳಮೈ ಉಜ್ಜುವುದೂ ಅಪಾಯಕರ, ಏಕೆಂದರೆ ಕಣ್ಣಿಗೆ ಕಾಣದ ಒಂದು ಗೀರಿನಿಂದಲೇ ಬಿರುಕು ಆರಂಭವಾಗುತ್ತದೆ.

ಬದಲಿಸುವ ಸಮಯ ಯಾವುದು?

ಹಬೆ ಮತ್ತು ನೀರು ಹಾಯಿಸಿದ ಮೇಲೂ ಗಾಜು ಮಂಜಾಗಿಯೇ ಇದ್ದರೆ ಅದು ಕೊಳೆಯಲ್ಲ, ಸವೆತ. ಬಾಯ್ಲರಿನ ಕ್ಷಾರಯುಕ್ತ ಬಿಸಿ ನೀರು ಗಾಜಿನಲ್ಲಿರುವ ಸಿಲಿಕಾವನ್ನು ಕರಗಿಸುತ್ತಾ ಹೋಗುತ್ತದೆ. ಹಬೆಯ ತುದಿಯಲ್ಲಿ ತಣಿದು ಹರಿಯುವ ಹನಿಗಳು ಗಾಜನ್ನು ಇನ್ನಷ್ಟು ತೆಳುವಾಗಿಸುತ್ತವೆ. ಇಂತಹ ಗಾಜನ್ನು ಯಾವ ದ್ರಾವಣದಿಂದಲೂ ಸರಿಪಡಿಸಲಾಗದು. ಮಂಜು, ಗೀರು, ತುದಿಯ ಚಕ್ಕೆ, ರಿಂಗಿನ ಬಳಿ ಸೋರಿಕೆ, ಇವುಗಳಲ್ಲಿ ಒಂದು ಕಂಡರೂ ಗಾಜನ್ನು ಬದಲಿಸಬೇಕು. ಏನೂ ಕಾಣದಿದ್ದರೂ ವಾರ್ಷಿಕ ತಪಾಸಣೆಗಾಗಿ ಬಾಯ್ಲರು ತಣಿದಿರುವಾಗ ಹೊಸ ಗಾಜು ಹಾಕುವ ಪರಿಪಾಠ ಒಳ್ಳೆಯದು.

ಖರೀದಿಯಲ್ಲೂ ಎಚ್ಚರ ಅಗತ್ಯ. ಸಾಮಾನ್ಯ ಸೋಡಾ ಗಾಜೂ ಬೋರೋಸಿಲಿಕೇಟ್ ಗಾಜೂ ನೋಟಕ್ಕೆ ಒಂದೇ. ಆದರೆ ಬಿಸಿಗೆ ಸೋಡಾ ಗಾಜು ಹಿಗ್ಗುವುದು ಸುಮಾರು ಎರಡೂವರೆ ಪಟ್ಟು ಹೆಚ್ಚು. 7 ಕೆಜಿ ಒತ್ತಡದ ಹಬೆಯ ಉಷ್ಣತೆ ಸುಮಾರು 170 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಈ ವ್ಯತ್ಯಾಸ ಅಲಕ್ಷಿಸುವಂಥದ್ದಲ್ಲ. ಒತ್ತಡದ ಮಿತಿ ಮತ್ತು ತಯಾರಕರ ಗುರುತು ಇರುವ ಗಾಜನ್ನೇ ಕೊಳ್ಳಬೇಕು. ಒಂದೆರಡು ಗಾಜುಗಳನ್ನು ರಿಂಗುಗಳ ಸಮೇತ ಸದಾ ದಾಸ್ತಾನಿನಲ್ಲಿ ಇಟ್ಟಿರಬೇಕು. ಮಾರಾಟಗಾರರು ಸಹ ಬೋರೋಸಿಲಿಕೇಟ್ ಎಂಬುದನ್ನು ಬಿಲ್ಲಿನಲ್ಲಿ ನಮೂದಿಸಿ ಕೊಡುವುದು ವ್ಯಾಪಾರದ ಘನತೆಗೆ ತಕ್ಕ ನಡೆ.

ಬದಲಿಸುವ ಕ್ರಮ

ಬಾಯ್ಲರು ತಣಿದಿರುವಾಗ ಬದಲಿಸುವುದೇ ಉತ್ತಮ. ಅನಿವಾರ್ಯವಾದರೆ ಎರಡೂ ಕಾಕುಗಳನ್ನು ಭದ್ರವಾಗಿ ಮುಚ್ಚಿ, ಡ್ರೇನ್ ತೆರೆದು, ಗಾಜು ಪೂರ್ಣ ತಣಿದ ಮೇಲೆ, ಮುಖದ ರಕ್ಷಾಕವಚ ಮತ್ತು ಕೈಗವಸು ಧರಿಸಿ ಕೆಲಸಕ್ಕೆ ಇಳಿಯಬೇಕು. ಮುಚ್ಚಿದ ಕಾಕುಗಳು ಸೋರುತ್ತಿದ್ದರೆ ಆ ಕೆಲಸಕ್ಕೆ ಕೈ ಹಾಕಬಾರದು. ಗ್ಲ್ಯಾಂಡ್ ನಟ್ಟುಗಳನ್ನು ಬಿಚ್ಚಿ ಹಳೆಯ ಗಾಜಿನ ಚೂರು, ಹಳೆಯ ರಿಂಗುಗಳನ್ನು ಒಂದೂ ಉಳಿಯದಂತೆ ತೆಗೆಯಬೇಕು. ಮೇಲಿನ ಮತ್ತು ಕೆಳಗಿನ ಕಾಕುಗಳು ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ನೇರ ತಪ್ಪಿದ್ದರೆ ಎಷ್ಟು ಗಾಜು ಹಾಕಿದರೂ ಒಡೆಯುತ್ತದೆ.

ಗಾಜಿನ ತುದಿಗಳು ಲೋಹಕ್ಕೆ ತಾಗಬಾರದು. ಹಿಗ್ಗಲು ತುಸು ಜಾಗ ಬಿಡಬೇಕು, ಆದರೆ ಗಾಜು ಹಬೆಯ ಮತ್ತು ನೀರಿನ ರಂಧ್ರಗಳಿಗೆ ಅಡ್ಡ ಬರಬಾರದು. ಹೊಸ ರಿಂಗುಗಳನ್ನೇ ಬಳಸಿ, ನಟ್ಟನ್ನು ಕೈಯಿಂದ ತಿರುಗಿಸಿ, ಕೊನೆಗೆ ಸ್ಪ್ಯಾನರಿನಿಂದ ಅಲ್ಪವೇ ಬಿಗಿಗೊಳಿಸಬೇಕು. ಅತಿಯಾದ ಬಿಗಿತ ಗಾಜಿನ ಶತ್ರು. ಚಪ್ಪಟೆ ಗಾಜಿನ ಗೇಜಾದರೆ ಬೋಲ್ಟುಗಳನ್ನು ಮಧ್ಯದಿಂದ ಆರಂಭಿಸಿ ಎರಡೂ ತುದಿಗಳತ್ತ ಸರದಿಯಂತೆ, ತಯಾರಕರು ಸೂಚಿಸಿದಷ್ಟೇ ಬಿಗಿ ಮಾಡಬೇಕು.

ಬಳಿಕ ರಕ್ಷಣಾ ಕವಚವನ್ನು ಮರಳಿ ಕೂರಿಸಿ, ಡ್ರೇನ್ ತೆರೆದಿರುವಂತೆಯೇ ಹಬೆಯ ಕಾಕನ್ನು ಎಳೆಯಷ್ಟು ತೆರೆದು ಗಾಜನ್ನು ಕೆಲವು ನಿಮಿಷ ಬೆಚ್ಚಗಾಗಿಸಬೇಕು. ಬೆಚ್ಚಗಾದ ಮೇಲೆ ಹಬೆಯ ಕಾಕನ್ನು ಮುಚ್ಚಿ, ಮೇಲೆ ಹೇಳಿದ ಐದು ಹಂತಗಳ ಪರೀಕ್ಷೆ ನಡೆಸಬೇಕು. ಕವಚವಿಲ್ಲದೆ ಬಾಯ್ಲರನ್ನು ಚಾಲನೆ ಮಾಡಬಾರದು.

ಮಾಲೀಕರ ಹೊಣೆ

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಪ್ರಾಣಹಾನಿಯಾದ ಬಳಿಕ 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂದಿತು. 1923ರ ಅಖಿಲ ಭಾರತ ಕಾಯಿದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರುಗಳ ಕಾಯಿದೆ ಇದೆ. ಇಲಾಖೆಯ ತಪಾಸಣೆ ನಿಯತ ಕಾಲಕ್ಕೊಮ್ಮೆ ನಡೆಯುತ್ತದೆ, ಗಾಜು ಕಟ್ಟಿಕೊಳ್ಳಲು ಒಂದು ಪಾಳಿ ಸಾಕು. ಆದ್ದರಿಂದ ಪ್ರತಿ ಪಾಳಿಯ ಪರೀಕ್ಷೆಯನ್ನು ಪುಸ್ತಕದಲ್ಲಿ ಬರೆಸಿ ಸಹಿ ಪಡೆಯುವುದು, ಆ ಪುಸ್ತಕವನ್ನು ವಾರಕ್ಕೊಮ್ಮೆ ಸ್ವತಃ ನೋಡುವುದು ಮಾಲೀಕರ ಕರ್ತವ್ಯ. ಸ್ವಯಂಚಾಲಿತ ಪಂಪು ಮತ್ತು ಎಚ್ಚರಿಕೆಯ ಗಂಟೆ ಇವೆ ಎಂಬ ಕಾರಣಕ್ಕೆ ಈ ಕ್ರಮವನ್ನು ಕೈಬಿಡಲಾಗದು. ಬಾಯ್ಲರಿನ ಮುಂದೆ ದಿನವಿಡೀ ನಿಲ್ಲುವ ಕಾರ್ಮಿಕನು ಆ ಗಾಜನ್ನು ನಂಬಿಯೇ ನಿಂತಿರುತ್ತಾನೆ. ಆ ನಂಬಿಕೆ ಹುಸಿಯಾಗದಂತೆ ನೋಡಿಕೊಳ್ಳಲು ದಿನಕ್ಕೆ ಬೇಕಾದುದು ಕೆಲವೇ ನಿಮಿಷಗಳು.