ಹೆಸರಿಗೆ ಮಾತ್ರ ಗ್ರಾಫೈಟ್

ಗಾಳದ ರೀಲಿನ ಡಬ್ಬಿಯ ಮೇಲೆ ‘ಗ್ರಾಫೈಟ್ ಬಾಡಿ’ ಎಂದು ಬರೆದಿದ್ದರೆ ಒಳಗಿರುವುದು ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಅಲ್ಲ, ನೈಲಾನ್. ಬಿಗಿ ಬರಲೆಂದು ಅದಕ್ಕೆ ಕಾರ್ಬನ್ ನಾರಿನ ಚೂರುಗಳನ್ನು ಬೆರೆಸಿ ಅಚ್ಚು ಹೊಯ್ದಿರುತ್ತಾರೆ. ಬಡಾಯಿಯಲ್ಲಿ ಲೋಹದವರೂ ಹಿಂದೆ ಬಿದ್ದಿಲ್ಲ. ಜಪಾನಿನ ಶಿಮಾನೊ ತನ್ನ ಗಟ್ಟಿ ರೀಲುಗಳ ಮೈಗೆ ‘ಹಗಾನೆ’ ಎಂದು ಹೆಸರಿಟ್ಟಿದೆ. ಜಪಾನಿ ಭಾಷೆಯಲ್ಲಿ ಹಾಗೆಂದರೆ ಉಕ್ಕು. ಮೈಯೋ ಅಲ್ಯೂಮಿನಿಯಂನದು ಇಲ್ಲವೇ ಮೆಗ್ನೀಶಿಯಂನದು!

ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ನೈಲಾನ್ ಮಿಶ್ರಣ ಹೆಚ್ಚುಕಡಿಮೆ ಅದರ ಅರ್ಧ. ಹಾಗೆಂದು ರೀಲಿನ ತೂಕವೂ ಅರ್ಧಕ್ಕಿಳಿಯದು, ಏಕೆಂದರೆ ಗೇರು, ದಂಡ, ಬೇರಿಂಗುಗಳು ಎರಡರಲ್ಲೂ ಲೋಹದವೇ. ಉಳಿಯುವುದು ಹತ್ತಾರು ಗ್ರಾಂ. ಬೆಳಗಿನಿಂದ ಸಂಜೆವರೆಗೆ ಗಾಳ ಎಸೆಯುವವರ ಮಣಿಕಟ್ಟಿಗೆ ಅಷ್ಟೂ ಗೊತ್ತಾಗುತ್ತದೆ.

ಇಷ್ಟೇ ಆಗಿದ್ದರೆ ಅಲ್ಯೂಮಿನಿಯಂ ಎಂದೋ ಮೂಲೆ ಸೇರುತ್ತಿತ್ತು. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಒಂದು ಪುಟ್ಟ ರೋಲರಿನ ಮೇಲೆ ಅಡ್ಡಕ್ಕೆ ತಿರುಗಿ ಸ್ಪೂಲಿಗೆ ಸೇರುತ್ತದೆ. ಹಾಗಾಗಿ ದೊಡ್ಡ ಮೀನು ಜಗ್ಗಿದಾಗ ಎಳೆತ ನೇರವಾಗಿ ಬೀಳದೆ ರೀಲಿನ ಮೈಯನ್ನೇ ತಿರುಚುತ್ತದೆ. ನೈಲಾನ್ ಮೈ ಮುರಿಯುವುದು ಅಪರೂಪ. ಕೂದಲೆಳೆಯಷ್ಟು ಬಾಗುತ್ತದೆ, ಅಷ್ಟೆ. ಆದರೆ ಅಷ್ಟಕ್ಕೇ ಗೇರಿನ ಹಲ್ಲುಗಳು ಕೂಡುವ ಜಾಗ ಜರುಗಿ, ಹಿಡಿಕೆ ತಿರುಗಿಸುವ ಬೆರಳಿಗೆ ಗರಗರ ತಾಗುತ್ತದೆ. ಹೀಗೆ ಪದೇ ಪದೇ ಆದರೆ ಹಲ್ಲು ಸವೆಯುತ್ತದೆ. ಸಿಐ4+ ಎಂಬ ಹಗುರ ಕಾರ್ಬನ್ ಮಿಶ್ರಣವನ್ನು ಮೆರೆಸುವ ಶಿಮಾನೊ, ಝೈಯಾನ್ ಎಂಬುದನ್ನು ಮೆರೆಸುವ ಡೈವಾ, ಟ್ಯೂನಾದಂಥ ಜಗಜಟ್ಟಿಗಳ ಮಾತು ಬಂದಾಗ ಮಾತ್ರ ಸ್ಟೆಲ್ಲಾ ಎಸ್‌ಡಬ್ಲ್ಯೂ, ಸಾಲ್ಟಿಗಾ ರೀಲುಗಳಿಗೆ ಅಲ್ಯೂಮಿನಿಯಂ ಮೈಯನ್ನೇ ಕೊಟ್ಟಿವೆ. ಜಾಹೀರಾತಿಗಿಂತ ಇದನ್ನೇ ನಂಬಬಹುದು.

ಉಪ್ಪುನೀರಿನ ಕತೆ ಬೇರೆ. ಕಾಪು ಕಡಲತೀರದ ಬಂಡೆಗಳ ಮೇಲೆ ನಿಂತು ಗಾಳ ಎಸೆಯುವಾಗ ರೀಲು ಒಮ್ಮೆ ಕಲ್ಲಿಗೆ ತಾಗಿದರೂ ಬಣ್ಣ ಎದ್ದೀತು. ಆ ಗಾಯದಲ್ಲಿ ಉಪ್ಪು ಕೂತರೆ ಅಲ್ಯೂಮಿನಿಯಂ ಬಿಳಿ ಹಿಟ್ಟಿನಂತೆ ಉಬ್ಬುತ್ತದೆ. ಅದಕ್ಕಿಂತ ಕಾಟ ಕೊಡುವುದು ಸ್ಟೇನ್‌ಲೆಸ್ ಸ್ಕ್ರೂ. ಎರಡು ಲೋಹ, ನಡುವೆ ಉಪ್ಪುನೀರು: ಅದೊಂದು ಪುಟ್ಟ ಬ್ಯಾಟರಿಯೇ. ಸವೆಯುವ ಸರದಿ ಅಲ್ಯೂಮಿನಿಯಂನದು. ಮುಂದಿನ ವರ್ಷ ಗ್ರೀಸ್ ಹಾಕಲು ಬಿಚ್ಚಹೊರಟರೆ ಸ್ಕ್ರೂ ಅಲುಗುವುದಿಲ್ಲ, ಅದರ ತಲೆಯ ಗೀರು ಮಾತ್ರ ಕಿತ್ತುಹೋಗುತ್ತದೆ.

ನೈಲಾನ್ ಮೈಗೆ ಈ ರೋಗವಿಲ್ಲ. ಸ್ಕ್ರೂ ಅತಿಯಾಗಿ ಬಿಗಿದರೆ ನೈಲಾನಿನಲ್ಲಿ ಅದು ಕೂರುವ ಮರೆ ಹಾಳಾಗುತ್ತದೆ ಎಂಬುದು ಬೇರೆ ಮಾತು. ತುಕ್ಕು ಹಿಡಿಯದ ಮೈಯೆಂದು ತೊಳೆಯದೆ ಇಟ್ಟರೆ ಒಳಗಿನ ಉಕ್ಕಿನ ಬೇರಿಂಗ್ ಕೆಂಪಗಾಗುವುದೂ ತಪ್ಪದು.

ತೊಳೆಯುವುದಕ್ಕೂ ಒಂದು ಕ್ರಮವಿದೆ: ಮೊದಲು ದಾರದ ಎಳೆತದ ಬಿಗಿ ಹೊಂದಿಸುವ ಡ್ರ್ಯಾಗ್ ಗುಬುಟನ್ನು ಬಿಗಿ ಮಾಡಿ, ಸಿಹಿನೀರನ್ನು ಜೋರಾಗಿ ಚಿಮ್ಮಿಸದೆ ಮೆಲ್ಲಗೆ ಹರಿಸಬೇಕು. ರಭಸದ ನೀರು ಉಪ್ಪನ್ನು ಒಳಕ್ಕೇ ತಳ್ಳುತ್ತದೆ. ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಗುಬುಟು ಸಡಿಲಿಸಿಟ್ಟರೆ ಒಳಗಿನ ವಾಷರುಗಳು ಒತ್ತಿಕೊಂಡು ಚಪ್ಪಟೆಯಾಗುವುದಿಲ್ಲ.