ಮೇಕೆ ಚೀಸ್‌ಗೆ ಪಕ್ಕದ ಗುಡ್ಡದ ವೈನ್

ಚೀಸ್ ತಟ್ಟೆ ಬಂತೆಂದರೆ ಕೆಂಪು ವೈನ್‌ನ ಬಿರಡೆ ತೆಗೆಯುವುದು ಹಲವರ ರೂಢಿ. ನಾಲಿಗೆಯನ್ನು ಕೇಳಿದರೆ ಅದರ ಉತ್ತರ ಬೇರೆಯೇ ಇರುತ್ತದೆ. ಕೆಂಪು ವೈನ್‌ಗೆ ದ್ರಾಕ್ಷಿಯ ಸಿಪ್ಪೆ, ಬೀಜಗಳ ಒಗರು ಇಳಿದಿರುತ್ತದೆ. ಉಪ್ಪು, ಹುಳಿ ಜೋರಾಗಿರುವ ಚೀಸ್ ಜೊತೆ ಸೇರಿದಾಗ ಆ ಒಗರು ಕಹಿಗೆ ತಿರುಗಿ, ಒಮ್ಮೊಮ್ಮೆ ಕಬ್ಬಿಣ ನೆಕ್ಕಿದಂಥ ರುಚಿ ಉಳಿಸಿಹೋಗುತ್ತದೆ. ಬಿಳಿ ವೈನ್‌ಗೆ ಈ ತಾಪತ್ರಯ ಕಡಿಮೆ. ಸಿಪ್ಪೆ ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸುವುದರಿಂದ ಒಗರು ಹಿಂದೆ ಸರಿದು ಹುಳಿ ಮುಂದೆ ಬರುತ್ತದೆ. ತುಪ್ಪ ಸುರಿದ ಹೋಳಿಗೆಯ ನಡುವೆ ಉಪ್ಪಿನಕಾಯಿ ನೆಕ್ಕಿದ ಹಾಗೆ, ಆ ಹುಳಿ ಬಾಯಿಯ ಜಿಡ್ಡು ಕಳೆದು ಇನ್ನೊಂದು ತುಂಡಿಗೆ ಕೈ ಚಾಚಿಸುತ್ತದೆ.

ಇದನ್ನು ಚೆನ್ನಾಗಿ ಅರಿತ ಊರೊಂದು ಫ್ರಾನ್ಸಿನ ನಡುಭಾಗದಲ್ಲಿದೆ. ಲ್ವಾರ್ ನದಿಯ ಎಡದಂಡೆಯ ಗುಡ್ಡದ ಮೇಲೆ ಸಾನ್ಸೇರ್ ಪಟ್ಟಣ, ಅದರ ಮಗ್ಗುಲಲ್ಲಿ ಶಾವಿನ್ಯೋಲ್ ಎಂಬ ಪುಟ್ಟ ಹಳ್ಳಿ. ಪಟ್ಟಣದ ಹೆಸರಿನಲ್ಲಿ ವೈನ್, ಹಳ್ಳಿಯ ಹೆಸರಿನಲ್ಲಿ ಚೀಸ್. ಸಾನ್ಸೇರ್‌ನ ಬಿಳಿ ವೈನ್‌ಗೆ 1936ರಲ್ಲಿ, ‘ಕ್ರೊತ್ತೆಂ ದ ಶಾವಿನ್ಯೋಲ್’ ಎಂಬ ಮೇಕೆ ಹಾಲಿನ ಚೀಸ್‌ಗೆ 1976ರಲ್ಲಿ ಸರ್ಕಾರದ ಮೂಲಸ್ಥಾನ ಮುದ್ರೆ ಸಿಕ್ಕಿತು. ಹಳ್ಳಿಯ ಮೇಲೇ ಎದ್ದು ನಿಂತ ದ್ರಾಕ್ಷಿ ಇಳಿಜಾರಿಗೆ ‘ಶಾಪಗ್ರಸ್ತ ಬೆಟ್ಟಗಳು’ ಎಂದು ಹೆಸರು. ಅಲ್ಲಿ ಬಗ್ಗಿ ದುಡಿದವರೇ ಇಟ್ಟ ಹೆಸರಿರಬೇಕು, ಅಷ್ಟು ಕಡಿದು.

ಅನಾದಿ ಕಾಲದ ಜೋಡಿ ಎಂದು ಇದನ್ನು ಬಣ್ಣಿಸುವುದುಂಟು. ಅಷ್ಟೇನೂ ಹಳೆಯದಲ್ಲ. 19ನೇ ಶತಮಾನದ ಕೊನೆಯಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಈ ಸೀಮೆಯ ತೋಟಗಳನ್ನು ಒಣಗಿಸುವವರೆಗೆ ಇಲ್ಲಿ ಕೆಂಪು ದ್ರಾಕ್ಷಿಯದೇ ದರ್ಬಾರು. ತೋಟ ಹಾಳುಬಿದ್ದಾಗ ಮೇಕೆಗಳು ಸಂಸಾರಕ್ಕೆ ಆಸರೆಯಾದವು, ರೈಲು ಚೀಸನ್ನು ಪ್ಯಾರಿಸ್ಸಿಗೆ ಒಯ್ದಿತು. ಕೀಟಕ್ಕೆ ಜಗ್ಗದ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ತೋಟ ಎಬ್ಬಿಸುವಾಗ ರೈತರು ಹೆಚ್ಚಾಗಿ ಸೊವಿನ್ಯೋಂ ಬ್ಲಾಂ ಎಂಬ ಬಿಳಿ ತಳಿ ನೆಟ್ಟರು. ಜೋಡಿ ಕುದುರಿದ್ದರಲ್ಲಿ ಕೀಟದ ಪಾಲೂ ಇದೆ.

ಚೀಸ್ ಮಾಡುವ ಕ್ರಮ ನಿಧಾನದ್ದು. ಕಾಯಿಸದ ಮೇಕೆ ಹಾಲಿಗೆ ಹೆಪ್ಪಿನ ಜೊತೆ ಹಾಲು ಒಡೆಸುವ ಕಿಣ್ವವಾದ ರೆನೆಟ್ ಅನ್ನು ಚೂರೇ ಚೂರು ಬೆರೆಸಿ ಒಂದೆರಡು ದಿನ ಬಿಡುತ್ತಾರೆ. ಹುಳಿಯೇ ಹಾಲನ್ನು ಗಟ್ಟಿಮಾಡಬೇಕು. ಆ ಗಡ್ಡೆಯನ್ನು ಬಟ್ಟೆಯಲ್ಲಿ ಸೋಸಿ, ನೀರಿಳಿದ ಮೇಲೆ ಸಣ್ಣ ಅಚ್ಚುಗಳಿಗೆ ತುಂಬಿ, ಮಗುಚಿ, ಉಪ್ಪು ಹಾಕಿ ಒಣಗಿಸುತ್ತಾರೆ. ಮೇಕೆಯ ಹಾಲಿನಲ್ಲಿ ಹಸುವಿನ ಹಾಲಿನ ಹಳದಿ ಇಲ್ಲ. ತಿಂದ ಸೊಪ್ಪಿನ ಕ್ಯಾರೊಟಿನ್ ಅನ್ನು ಮೇಕೆ ‘ಎ’ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ. ಹಾಗಾಗಿ ಕತ್ತರಿಸಿದ ಚೀಸ್‌ನ ಒಳಗೆ ಸುಣ್ಣ ಬಳಿದಂಥ ಬಿಳುಪು.

ಅಚ್ಚಿಗೆ ಹಾಕಿ ಕನಿಷ್ಠ 10 ದಿನ ಕಳೆಯದೆ ಶಾವಿನ್ಯೋಲ್ ಎಂದು ಮಾರುವಂತಿಲ್ಲ. ಆಗಿನ್ನೂ ಅದು ಮೆತ್ತಗೆ, ಹಾಲಿನ ಹುಳಿಯ ವಾಸನೆ. ವಾರಗಳು ಉರುಳಿದಂತೆ ಹೊರಗೆ ನೀಲಿ ಬೂಷ್ಟು ಹಿಡಿದು, ಒಳಗೆ ಪುಡಿಪುಡಿಯಾಗಿ, ಬಾದಾಮಿ ಅಗಿದಂಥ ರುಚಿ ಬರುತ್ತದೆ. ಇನ್ನೂ ಕೆಲವನ್ನು ಮುಚ್ಚಿದ ಜಾಡಿಯಲ್ಲಿಟ್ಟು ಹಣ್ಣಾಗಿಸುತ್ತಾರೆ. ಅದರ ಘಾಟಿಗೆ ಹೆದರುವವರು ಫ್ರೆಂಚರಲ್ಲೂ ಇದ್ದಾರೆ.

ವೈನ್ ಆಯ್ಕೆಗೆ ನನ್ನ ಮಟ್ಟಿಗೆ ಚೀಸ್‌ನ ವಯಸ್ಸೇ ಮುಖ್ಯ. ಎಳೆಯ ಶಾವಿನ್ಯೋಲ್‌ಗೆ ಆ ವರ್ಷದ, ಹಸಿರು ಹುಲ್ಲು, ಚಕ್ಕೋತದ ಪರಿಮಳದ ಚುರುಕು ಸಾನ್ಸೇರ್ ಸಾಕು. ಎರಡೂ ಹುಳಿ, ಒಂದರ ಹುಳಿ ಇನ್ನೊಂದನ್ನು ಮೆದುಮಾಡುತ್ತದೆ. ಹುಳಿಯಿಲ್ಲದ ಸಪ್ಪೆ ವೈನ್ ಈ ಚೀಸ್ ಮುಂದೆ ನೀರಿನಂತಾಗುತ್ತದೆ. ಒಣಗಿದ ಚೀಸ್‌ಗೆ ಸುಣ್ಣಮಣ್ಣಿನ ಇಳಿಜಾರಿನದೇ, ಕೆಲವು ವರ್ಷ ಬಾಟಲಿಯಲ್ಲಿ ಕುಳಿತ ತುಂಬುಮೈಯ ವೈನ್ ಬೇಕು. ಜಾಡಿಯ ಚೀಸ್‌ಗಂತೂ ಎಳೆಯ ವೈನ್ ಸುರಿಯುವುದು ದಂಡ.

ತಣ್ಣಗೆ ಕೊರೆಯುವ ವೈನ್‌ಗೆ ಪರಿಮಳವೇ ಇರುವುದಿಲ್ಲ. 10ರಿಂದ 12 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಚೀಸನ್ನು ಮಾತ್ರ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ನಂದಿಬೆಟ್ಟದ ತಪ್ಪಲಲ್ಲೂ ಸೊವಿನ್ಯೋಂ ಬ್ಲಾಂ ವೈನ್ ತಯಾರಾಗುತ್ತದೆ. ನಮ್ಮ ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಇಳಿಯುವುದರಿಂದ, ಅದರ ಜೊತೆಗೆ ತೀರಾ ಎಳೆಯ ಹುಳಿ ಚೀಸ್ ಬೇಡ. ಒಂದಿಷ್ಟು ಒಣಗಿದ ಮೇಕೆ ಚೀಸನ್ನು ಬ್ರೆಡ್ ಮೇಲಿಟ್ಟು, ಅಂಚು ಕಂದುವವರೆಗೆ ಬಿಸಿಮಾಡಿ, ಸೊಪ್ಪಿನ ಸಲಾಡ್ ಜೊತೆ ಬಡಿಸಿ. ಶಾವಿನ್ಯೋಲ್ ಚೀಸನ್ನು ಫ್ರಾನ್ಸಿನ ಹೋಟೆಲುಗಳಲ್ಲಿ ಹೆಚ್ಚಾಗಿ ತಿನ್ನುವುದೂ ಹೀಗೆಯೇ.