ಸುಳ್ಳು ಆರೋಪದ ಬೆಲೆ ತೆರುವವರು ಯಾರು?

ನ್ಯಾಯಾಲಯವು ನಿರಪರಾಧಿಯೆಂದು ಬಿಡುಗಡೆ ಮಾಡಿದ ವ್ಯಕ್ತಿಗೆ,
ಆತ ಹೋರಾಟಕ್ಕೆ ಸುರಿದ ಹಣ ಮರಳಿ ಸಿಗುತ್ತದೆಯೇ?
ಸಾಮಾನ್ಯವಾಗಿ ಸಿಗುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ
ಕೂಲಿಕಾರನೊಬ್ಬನ ಮೇಲೆ ಸುಳ್ಳು ಪ್ರಕರಣ ದಾಖಲಾದರೆ,
ವಕೀಲರ ಶುಲ್ಕವಷ್ಟೇ ಅಲ್ಲ,
ಪ್ರತಿ ವಿಚಾರಣೆಯ ಬಸ್ ಚಾರ್ಜು ಮತ್ತು ಕೈತಪ್ಪಿದ ದಿನಗೂಲಿಯೂ ಲೆಕ್ಕಕ್ಕೆ ಸೇರುತ್ತವೆ;
ಆತನ ಹಾಜರಿಗೆ ಹೊಣೆಯಾಗುವ ಜಾಮೀನುದಾರನು
ತನ್ನ ಹೊಲದ ಪಹಣಿ ಹಿಡಿದು ನಿಲ್ಲಬೇಕಾಗುತ್ತದೆ;
ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿಯನ್ನು ರದ್ದುಪಡಿಸಲು
ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ಮೆಟ್ಟಿಲೇರಬೇಕಾಗುತ್ತದೆ.

ಇದು ಬರದ ನೆಲದಲ್ಲಿ ಕೊಳವೆಬಾವಿ ಕೊರೆಸಿದಂತೆ:
ಅಡಿ ಅಡಿಗೂ ಹಣ ಇಳಿಯುತ್ತದೆ,
ನೀರು ಎಷ್ಟು ಆಳದಲ್ಲಿದೆಯೆಂಬುದು ತಿಳಿಯುವುದಿಲ್ಲ.

ಪರಿಹಾರ ಸಿಕ್ಕ ಉದಾಹರಣೆಯೂ ಇದೆ: ಕೊಡಗಿನ ಕುಶಾಲನಗರದ ಬಳಿಯ ಆದಿವಾಸಿಯೊಬ್ಬರು
ಪತ್ನಿಯ ಕೊಲೆಯ ಆರೋಪದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು;
2025ರ ಏಪ್ರಿಲ್‌ನಲ್ಲಿ ಆಕೆ ಜೀವಂತವಾಗಿ ಪತ್ತೆಯಾದ ಮೇಲೆ
ಮೈಸೂರಿನ ನ್ಯಾಯಾಲಯವು ಅವರನ್ನು ದೋಷಮುಕ್ತಗೊಳಿಸಿ,
1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.
ಕಳೆದುಹೋದ ದಿನಗಳಿಗೆ ಅದು ಸಾಟಿಯಲ್ಲ.

ಆದರೂ ಬಡವರಿಗೆ ಒಂದು ದಾರಿಯಿದೆ.
1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ,
ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮುಂತಾದವರು
ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು;
ಉಳಿದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ.

ಅರ್ಜಿಯನ್ನು ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಸಲ್ಲಿಸಬಹುದು.
ಸಹಾಯವಾಣಿ ಸಂಖ್ಯೆ 15100.
ಹೊಲ ಒತ್ತೆಯಿಡುವ ಮುನ್ನ
ವೀಕ್ಷಕರು ಈ ಸಂಖ್ಯೆಗೆ ಒಮ್ಮೆ ಕರೆಮಾಡಲಿ.